ಚೀಲದಲ್ಲೊಂದು ಮಣ್ಣಿನ ಇಟ್ಟಿಗೆ

ಸಾಗರದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ದೊಡ್ಡ ಚೀಲ ಹೆಚ್ಚುಕಡಿಮೆ ಖಾಲಿಯಿತ್ತು. ಅದರಲ್ಲಿ ಒಂದು ಇಟ್ಟಿಗೆ ಹಾಕಿಕೊಂಡು ಸಂಜೆಯೊಳಗೆ ಅಕ್ಕನ ಮನೆ ಮುಟ್ಟಬೇಕಿತ್ತು.

ಅಕ್ಕನನ್ನು ಕೊಟ್ಟಿರುವುದು ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಹತ್ತಿರ. ಅಲ್ಲಿ ಅವರ ಹೊಸ ಮನೆಗೆ ತಳಪಾಯ ಎದ್ದಿತ್ತು. ಗೋಡೆಯನ್ನು ಮಣ್ಣಿನ ಇಟ್ಟಿಗೆಯಲ್ಲೇ ಕಟ್ಟಬೇಕೆಂದು ಅಕ್ಕನ ಹಟ. ಸುಟ್ಟ ಇಟ್ಟಿಗೆಯಲ್ಲ, ಯಂತ್ರದಲ್ಲಿ ಒತ್ತಿ ನೆರಳಲ್ಲಿ ಆರಿಸಿದ್ದು. ಅವಳ ಮಾವ ತಿಮ್ಮಪ್ಪನವರು ಆಗಲೇ ಸಿಮೆಂಟ್ ಬ್ಲಾಕಿಗೆ ಹೇಳಿಯಾಗಿತ್ತು. ಲೋಡು ಮರುದಿನ ಬರುವುದಿತ್ತು. ಭಾವ ಅಪ್ಪನ ಎದುರು ಬಾಯಿ ಬಿಡುವವನಲ್ಲ.

"ನೀರಲ್ಲಿ ಕರಗದೇ ಇರೋ ಮಣ್ಣಿನ ಇಟ್ಟಿಗೆ ಒಂದು ತೋರ್ಸು, ಲೋಡು ನಿಲ್ಲಿಸ್ತೀನಿ ಅಂದಿದಾರೆ" ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. "ಹೊಸನಗರದ ಹತ್ರ ಕಟ್ಟಿದೋರೊಬ್ರು ಇದಾರೆ. ನೋಡ್ಕೊಂಡು, ಒಂದು ತಗಂಡು ಬಾ ಮಾರಾಯ್ತಿ."

"ನಂಗೇ ನಂಬಿಕೆ ಇಲ್ಲ."

"ಅದ್ಕೇ ನಿನ್ನ ಕಳಿಸ್ತಿರೋದು. ನಂಬಿದೋರು ಹೋದ್ರೆ ಎಂತ ನೋಡ್ತಾರೆ?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಯಾವಾಗಲೂ ವಿಷಯದ ವಿರುದ್ಧ ಮಾತಾಡಿದವಳು. 'ಪರಿಸರಸ್ನೇಹಿ' ಎಂಬ ಮಾತು ಕಂಡರಂತೂ ಮೊದಲು ಅದರ ಬೆನ್ನು ತಿರುಗಿಸಿ ನೋಡುತ್ತೇನೆ. ಸೋಪಿಗೂ ಅದೇ ಮಾತು, ಪ್ಲಾಸ್ಟಿಕ್ ಕುರ್ಚಿಗೂ ಅದೇ ಮಾತು. ಹಾಗಾಗಿ ಹೆಗ್ಗೋಡು ದಾಟಿದ ಮೇಲೆ 'ಅಪ್ಪಟ ಮಣ್ಣಿನ ಮನೆಯಲ್ಲಿ ತಂಗಿರಿ' ಎಂಬ ಹೋಂಸ್ಟೇ ಬೋರ್ಡು ಕಂಡಾಗ ಬಸ್ಸಿಳಿಯದೆ ಇರಲಾಗಲಿಲ್ಲ.

ಮಾಲೀಕ ಖುಷಿಯಿಂದ ಮನೆ ತೋರಿಸಿದ, ಮಜ್ಜಿಗೆ ಕೊಟ್ಟ. ಗೋಡೆ ಕೆಂಪಗೆ, ಒರಟಾಗಿ, ಫೋಟೋಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹೊರಗೆ ಬಿಸಿಲು ಉರಿಯುತ್ತಿತ್ತು. ಒಳಗೂ ಹಾಗೇ ಇತ್ತು. ಆತ ಫೋನಿಗೆಂದು ಆಚೆ ಹೋದಾಗ ಕಿಟಕಿಯ ಮೂಲೆಯಲ್ಲಿ ಬೀಗದ ಕೈಯಿಂದ ಸ್ವಲ್ಪ ಕೆರೆದೆ. ಕೆಂಪಿನ ಕೆಳಗೆ ಬೂದುಬಣ್ಣ ಕಂಡಿತು.

"ಇದು ಸಿಮೆಂಟಲ್ವಾ?" ಎಂದೆ, ಆತ ಬಂದ ಕೂಡಲೇ.

"ಮೇಲ್ಗಡೆ ಮಣ್ಣಿನ ಬಣ್ಣ ಇದೆಯಲ್ಲ ಮೇಡಂ. ಗೆಸ್ಟಿಗೆ ಮಣ್ಣಿನ ಫೀಲ್ ಬೇಕು."

"ಫೀಲಿಗೂ ಬಾಡಿಗೆನಾ?"

"ನೀವು ಪತ್ರಿಕೆಯೋರಾ?" ಎಂದು ಕೇಳಿ, ಮಜ್ಜಿಗೆ ಲೋಟ ವಾಪಸ್ ತೆಗೆದುಕೊಂಡ. ಅದರಲ್ಲಿ ಇನ್ನೂ ಅರ್ಧ ಇತ್ತು.

ಮುಂದಿನ ಬಸ್ಸಿನಲ್ಲಿ ಕೂತು ಅಕ್ಕನಿಗೆ 'ನಿನ್ನ ಕೇಸು ಬಿತ್ತು' ಎಂದು ಮೆಸೇಜ್ ಹಾಕಿದೆ. 'ಇನ್ನೂ ಹೊಸನಗರ ಬಂದಿಲ್ಲ' ಎಂದು ಉತ್ತರ ಬಂತು.

ಹೊಸನಗರದಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ ಸುಮಿತ್ರಕ್ಕನ ಮನೆ. ಅಂಗನವಾಡಿಯಲ್ಲಿ ಕೆಲಸ, ಜೋರು ಬಾಯಿ. ಗೋಡೆಗೆ ಪ್ಲಾಸ್ಟರ್ ಇಲ್ಲ, ಬಣ್ಣವಿಲ್ಲ, ಇಟ್ಟಿಗೆಯ ಸಾಲುಗಳು ಹಾಗೇ ಕಾಣುತ್ತಿದ್ದವು. ಒಳಗೆ ಕಾಲಿಟ್ಟ ಕೂಡಲೇ ಬೆನ್ನಿನ ಬೆವರು ತಣ್ಣಗಾಯಿತು. ಆದರೂ ನಾನು ಬೀಗದ ಕೈ ತೆಗೆದೆ.

"ಕೆರೀರಿ, ಕೆರೀರಿ. ಬಂದೋರೆಲ್ಲ ಕೆರೀತಾರೆ" ಎಂದರು. ಕೆರೆದೆ. ಒಳಗೂ ಕೆಂಪೇ.

"ಬರೀ ಮಣ್ಣಾ?"

"ಅಡಿಪಾಯಕ್ಕೆ ತೋಡಿದ ಮಣ್ಣು, ಸ್ವಲ್ಪ ಮರಳು, ಸ್ವಲ್ಪ ಸಿಮೆಂಟು. ಒತ್ತಿದ ಮೇಲೆ ಕೆಲವು ವಾರ ನೀರು ಚಿಮುಕಿಸಿ ಆರಿಸ್ಬೇಕು."

ಅವರು ಕೊಟ್ಟ ಚಾ ಹಿಡಿದುಕೊಂಡು, ಸಿಕ್ಕಿಬಿದ್ದರು ಎಂದುಕೊಂಡೆ. "ಹಂಗಾದ್ರೆ ಇದೂ ಸಿಮೆಂಟೇ ಆಯ್ತಲ್ಲ!"

"ನೀ ಕುಡೀತಿರೋದು ಚಾನಾ, ಸಕ್ಕರೆನಾ?"

ನಾನು ಚಾ ಕುಡಿದೆ. ಸೋಲಲಿಲ್ಲ, ವಿಷಯ ಬದಲಿಸಿದೆ. ಪಶ್ಚಿಮದ ಗೋಡೆಯ ಬುಡ ಸವೆದು, ಮೂಲೆಗಳು ದುಂಡಗಾಗಿದ್ದವು. ಕೈ ತೋರಿಸಿದೆ. ಸುಮಿತ್ರಕ್ಕ ಮುಚ್ಚಿಡಲಿಲ್ಲ. "ಅಲ್ಲಿ ಹಂಚಿನ ಮಾಡನ್ನ ಮುಂದೆ ಚಾಚ್ಬೇಕಿತ್ತು, ದುಡ್ಡು ಉಳಿಸೋಕೆ ಹೋಗಿ ಕೆಟ್ವಿ. ಈಗ ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆ ಮರೆ ಕಟ್ತೀವಿ. ನಿಮ್ಮಕ್ಕಂಗೆ ಹೇಳು, ಗೋಡೆಗಿಂತ ಮೊದ್ಲು ಮಾಡಿನ ಬಗ್ಗೆ ಯೋಚನೆ ಮಾಡ್ಲಿ."

ದೋಷವನ್ನು ತಾನಾಗಿ ಒಪ್ಪುವ ಎದುರಾಳಿ ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ಉಳಿದಿದ್ದ ಇಟ್ಟಿಗೆಗಳಲ್ಲಿ ಒಂದನ್ನು ಅವರೇ ಚೀಲಕ್ಕೆ ಹಾಕಿದರು.

ತೀರ್ಥಹಳ್ಳಿ ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ಚೀಲಕ್ಕೆ ಕಾಲು ತಾಗಿಸಿಕೊಂಡು ಹೌಹಾರಿದ. "ಎಂತ ಇದೆ ಇದ್ರಲ್ಲಿ?"

"ಮನೆ."

"ಮನೆಗಾದ್ರೆ ಲಗೇಜ್ ಟಿಕೆಟ್ ಆಗ್ತದೆ" ಎಂದು ನಗದೆ ಹರಿದು ಕೊಟ್ಟ.

ಸಂಜೆ ಅಕ್ಕನ ಅಂಗಳದಲ್ಲಿ ತಿಮ್ಮಪ್ಪ ಮಾವ ಕಾಯುತ್ತಲೇ ಇದ್ದರು. "ಬಂದ್ಳಪ್ಪ ಸಾಗರದ ಲಾಯರಮ್ಮ" ಎಂದು ಇಟ್ಟಿಗೆಯನ್ನು ಇಸಿದುಕೊಂಡು, ತಾವೇ ದನ ನೀರು ಕುಡಿಯುವ ಬಾನಿಯಲ್ಲಿ ಮುಳುಗಿಸಿದರು. ಊಟಕ್ಕೆ ಕೂತವರು ನಡುವೆ ಎದ್ದು ಹೋಗಿ ನೋಡಿ ಬಂದರು.

ಬೆಳಿಗ್ಗೆ ಎತ್ತಿದಾಗ ನೀರಿಗೆ ತುಸು ಕೆಂಪು ಬಂದಿತ್ತು, ಅಷ್ಟೆ. ಮಾವ ಉಗುರು ಒತ್ತಿದರು. ನೆಲಕ್ಕೆ ಕುಕ್ಕಿದರು. ಒಂದು ಮೂಲೆ ಚಿಟಿಕೆಯಷ್ಟು ಉದುರಿತು.

"ಆಯ್ತಲ್ಲ ಮಾವ? ಲೋಡು ನಿಲ್ಸಿ" ಎಂದಳು ಅಕ್ಕ.

ಅವರು ಫೋನು ಮುಟ್ಟಲಿಲ್ಲ. "ಕರಗೋದು ಬಿಡೋದು ಅಲ್ಲ ಕಣೇ. ನಮ್ಮಪ್ಪ ಗೇಣಿ ಮಾಡ್ತಿದ್ದಾಗ ಮಣ್ಣಿನ ಗೋಡೆ, ಹುಲ್ಲಿನ ಮಾಡು. ಹಂಚು ಹಾಕ್ಬೇಕಂದ್ರೆ ಒಡೇರ ಮುಖ ನೋಡ್ಬೇಕಿತ್ತು. ಈಗ ಜಮೀನು ನಮ್ದು. ಈಗ್ಲೂ ಮಣ್ಣಲ್ಲೇ ಇದಾರೆ ಅನ್ನಿಸ್ಕೊಳ್ಳೋಕಾ ಇಷ್ಟೆಲ್ಲಾ?"

ನನ್ನ ಹತ್ತಿರ ಇದ್ದದ್ದು ನೀರಿನ ಉತ್ತರ, ತಂಪಿನ ಉತ್ತರ. ಮಾವನೇ ಒಂದು ಮೆಟ್ಟಿಲು ಇಳಿದರು: "ಮಣ್ಣಲ್ಲೇ ಕಟ್ಟಿ. ಆದ್ರೆ ಮುಂದಿನ ಗೋಡೆಗೆ ಸಿಮೆಂಟ್ ಮೆತ್ತಿ. ರಸ್ತೆಗೆ ಕಾಣ್ಬಾರ್ದು."

ಆಗ ನನಗೆ ಹೆಗ್ಗೋಡಿನ ಕಿಟಕಿ ನೆನಪಾಯಿತು. "ಮಾವ, ನಿನ್ನೆ ಒಬ್ಬ ಸಿಮೆಂಟಿಗೆ ಮಣ್ಣು ಬಳಿದು ಬಾಡಿಗೆ ತಗೊಳ್ತಿದ್ದ. ನೀವು ಮಣ್ಣಿಗೆ ಸಿಮೆಂಟು ಬಳೀತೀರಿ. ಇಬ್ರಲ್ಲಿ ಸುಳ್ಳು ಹೇಳ್ತಿರೋದು ಯಾರು?"

"ಅವ್ನು ನಾಚಿಕೆ ಇಲ್ದೆ ಹೇಳ್ತಾನೆ" ಎಂದಳು ಅಕ್ಕ. "ನಾವು ನಾಚಿಕೆ ಪಟ್ಕೊಂಡು. ಮುಚ್ಚಿಡೋಕೆ ನಾವೇನು ಕದ್ದಿದೀವಾ ಮಾವ? ಅವತ್ತು ಒಡೇರ ಮಣ್ಣು. ಈಗ ಗೋಡೆಗೆ ಹಾಕೋದು ನಮ್ಮ ಜಾಗದಲ್ಲಿ ತೋಡಿದ್ದು. ಮುಂದಿನ ಗೋಡೆಗಂತೂ ಮೆತ್ತೋದೇ ಇಲ್ಲ."

ಮಾವ ಎದ್ದು ಕೊಟ್ಟಿಗೆ ಕಡೆ ಹೋದರು. ಭಾವ ಮೊದಲ ಸಲ ಬಾಯಿ ಬಿಟ್ಟ: "ಮಾಡನ್ನ ಎಷ್ಟು ಚಾಚ್ಬೇಕಂತೆ?" ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯಿಂದ ಮಾವನ ದನಿ ಕೇಳಿತು, ಫೋನಿನಲ್ಲಿ: "ಲೋಡು ಇವತ್ತು ಬ್ಯಾಡ. ನಾಳೆ ಅಂತಾನೂ ಹೇಳಿಲ್ಲ ನಾನು."

ಅವಲಕ್ಕಿ ತಿಂದು ರಸ್ತೆಗೆ ಬಂದೆ. ಮಾವ ಬೇಲಿಯ ಹತ್ತಿರ ಆ ಒದ್ದೆ ಇಟ್ಟಿಗೆಯನ್ನು ಬಿಸಿಲಿಗಿಟ್ಟು ನೋಡುತ್ತಾ ನಿಂತಿದ್ದರು. ಬಸ್ಸು ತಿರುವಿನಲ್ಲಿ ಕಂಡಾಗಲೇ ಹಳೆಯ ಒಡೆಯರ ಮೊಮ್ಮಗ ಸ್ಕೂಟರ್ ನಿಲ್ಲಿಸಿದ.

"ಎಂತ ತಿಮ್ಮಣ್ಣ, ಮಣ್ಣಿಂದಾ? ಸಿಮೆಂಟ್ ಮನೆ ಅಂತಿದ್ಯಲ್ಲ?"

ನಾನು ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟು ಹಿಂತಿರುಗಿ ನೋಡಿದೆ. ಮಾವ ಒಮ್ಮೆ ಇಟ್ಟಿಗೆ ನೋಡಿದರು, ಒಮ್ಮೆ ಅವನನ್ನು ನೋಡಿದರು. ಆಮೇಲೆ ಇಟ್ಟಿಗೆಯನ್ನೆತ್ತಿ ಬೇಲಿಯ ಕಲ್ಲುಕಂಬದ ಮೇಲೆ, ರಸ್ತೆಗೆ ಕಾಣುವ ಹಾಗೆ ಇಟ್ಟರು.

"ಹೌದು, ಮಣ್ಣಿಂದೇ. ನಮ್ಮನೆ ಮಣ್ಣಿಂದು. ಎಂತ ಈಗ?"