ನಾನು ಕಿತ್ತ ಬೋರ್ಡು

ಬೋರ್ಡು ಕಿತ್ತವಳು ನಾನು. ಮುನಿವೆಂಕಟಪ್ಪನವರೇ, ಆ ಬೆಳಗ್ಗೆ ನಿಮ್ಮನ್ನು ಮೋರಿಯ ಹತ್ತಿರದಿಂದ ಕರೆದವಳೂ ನಾನು. ಆಮೇಲೆ ಪೊಲೀಸರ ಮುಂದೆ ನಿಂತು ನೀವು ನಮ್ಮಲ್ಲಿಗೆ ಬಂದೇ ಇರಲಿಲ್ಲ ಎಂದವಳೂ ನಾನೇ. ಈ ಮೂರನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಬೇರೆ ಎಲ್ಲಿಂದ ಶುರು ಮಾಡಿದರೂ ಕಾರಣ ಹುಡುಕುತ್ತ ಕೂತುಬಿಡುತ್ತೇನೆ ಎಂಬ ಭಯ — ಹನ್ನೊಂದು ವರ್ಷ ಅದನ್ನೇ ಮಾಡಿದ್ದೇನೆ.

ಆಗ ನಿಮ್ಮನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ನೀವು ನನಗಿಂತ ಏಳೆಂಟು ವರ್ಷ ದೊಡ್ಡವರು. ನಿಮ್ಮ ತಂದೆ ನಮ್ಮ ಹೊಲದಲ್ಲಿ ದುಡಿದವರು ಎಂಬ ಒಂದೇ ಕಾರಣಕ್ಕೆ ನಮ್ಮ ಮನೆಯ ಸಣ್ಣ ಮಕ್ಕಳೂ ನಿಮ್ಮನ್ನು 'ಮುನಿಯಾ' ಎನ್ನುತ್ತಿದ್ದವು. ಈಗ 'ನೀವು' ಎಂದು ಬರೆಯುವಾಗ ಕೈ ತಡೆಯುತ್ತದೆ. ಇಷ್ಟು ತಡವಾಗಿ ಕೊಡುವ ಮರ್ಯಾದೆಗೆ ಏನು ಬೆಲೆ —

ಓದುವ ಬೇರೆಯವರಿಗೂ ತಿಳಿಯಬೇಕಾದ್ದರಿಂದ ಹೇಳುತ್ತೇನೆ. ನಮ್ಮೂರು ಕೆ.ಆರ್. ಪುರ ದಾಟಿದ ಮೇಲೆ, ಹಳೇ ಮದ್ರಾಸ್ ರಸ್ತೆಯ ಪಕ್ಕದಲ್ಲಿದೆ. ನಮ್ಮ ಮಾವನವರು ಅದನ್ನು 'ಸಮುದ್ರದ ರಸ್ತೆ' ಎನ್ನುತ್ತಿದ್ದರು. ಅವರು ಸಮುದ್ರ ನೋಡಿದವರಲ್ಲ. ಆದರೆ ಮದ್ರಾಸಿನಿಂದ ಶಿವಾಜಿನಗರದ ಮಾರ್ಕೆಟ್ಟಿಗೆ ಮೀನು ತರುವ ವ್ಯಾನುಗಳು ಬೆಳಕು ಹರಿಯುವ ಮುಂಚೆ ಐಸಿನ ನೀರು ಸುರಿಸುತ್ತ ನಮ್ಮ ಮುಂದೆಯೇ ಹೋಗುತ್ತಿದ್ದವು. ಅವು ಹೋದ ಎಷ್ಟೋ ಹೊತ್ತಿನ ತನಕ ರಸ್ತೆಯ ಮೇಲೆ ಉಪ್ಪುಉಪ್ಪು ವಾಸನೆ. ಆ ರಸ್ತೆಯ ಮೇಲೆ ನಾನು ಹೋಟ್ಲು ನಡೆಸುತ್ತಿದ್ದೆ. ಯಜಮಾನರು ತೀರಿಕೊಂಡ ಮೇಲೆ ಒಬ್ಬಳೇ. ತಟ್ಟೆ ಇಡ್ಲಿ, ಚಟ್ನಿ, ಟೀ. ಡ್ರೈವರುಗಳು ಗಾಡಿಯಿಂದ ಇಳಿಯುತ್ತಲೇ "ಅಕ್ಕಾ, ಸೂಡಾ ರೆಂಡು ಟೀ" ಎಂದು ತಮಿಳಿನಲ್ಲಿ ಬಿಸಿಬಿಸಿ ಟೀ ಕೇಳುತ್ತಿದ್ದರು. ಬೆಳಗಿನ ಏಳರ ತನಕ ನನಗೆ ತಲೆ ಎತ್ತಲು ಪುರುಸೊತ್ತಿರುತ್ತಿರಲಿಲ್ಲ.

ನೀವೂ ಅಲ್ಲೇ ಟೀ ಕುಡಿಯುತ್ತಿದ್ದಿರಿ. ನಿಮ್ಮ ಲೋಟ ಹೊರಗಿನ ಮೋಟು ಗೋಡೆಯ ಮೇಲೆ ಬೇರೆ ಇರುತ್ತಿತ್ತು. ಕುಡಿದ ಮೇಲೆ ನೀವೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದಿರಿ. ಇದನ್ನು ಯಾರೂ ಕೇಳಲಿಲ್ಲ, ಆದರೂ ಬರೆಯುತ್ತಿದ್ದೇನೆ. ಆಮೇಲೆ ನಡೆದದ್ದು ಅಷ್ಟು ಸಲೀಸಾಗಿ ನಡೆದದ್ದು ಯಾಕೆ ಎಂಬುದು ಆ ಲೋಟ ನೋಡಿದವರಿಗೆ ಗೊತ್ತಾಗುತ್ತದೆ.

ಹೊಸ ರಸ್ತೆ ಕೆರೆಯ ಆಚೆ ಬದಿಯಲ್ಲಿ ಆಯಿತು. ದಾರ ಎಳೆದ ಹಾಗೆ ನೇರ, ಎತ್ತರ, ಎರಡೂ ಕಡೆ ಬೇಲಿ. ಅದು ತೆರೆದ ವಾರದಲ್ಲೇ ನಮ್ಮ ಕಡೆ ಗಾಡಿಗಳು ನಿಂತುಹೋದವು. ಸದ್ದು ಮಾತ್ರ ಬರುತ್ತಿತ್ತು — ಕೆರೆಯ ಆಚೆಯಿಂದ, ಹಗಲಿರುಳು, ಬಿಡುವಿಲ್ಲದೆ. ಒಂದು ಗಾಡಿಯೂ ಕಾಣುತ್ತಿರಲಿಲ್ಲ. ಆ ಸದ್ದು ಕೇಳುತ್ತ ಖಾಲಿ ಬೆಂಚುಗಳ ಎದುರು ಕೂತಾಗ ಎದೆಯಲ್ಲಿ ಏನೋ ಕೊಳೆಯಲು ಶುರುವಾಯಿತು. ಇದು ನೆಪವಲ್ಲ. ಹೀಗಾಯಿತು, ಅಷ್ಟೇ.

ಆ ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದು, ನಮ್ಮ ಹೋಟ್ಲಿನಿಂದ ಕೂಗಳತೆ ಮುಂದಿದ್ದ ಮೋರಿ ಕುಸಿಯಿತು. ರಸ್ತೆ ಅಲ್ಲಿಗೆ ಕತ್ತರಿಸಿದ ಹಾಗೆ ಮುಗಿಯುತ್ತಿತ್ತು, ಕೆಳಗೆ ಎರಡಾಳು ಆಳ, ಬರೀ ಬಂಡೆ. ಕಂಟ್ರಾಕ್ಟರ ಕಡೆಯವರು ಬಂದು ಡ್ರಮ್ಮುಗಳನ್ನು ಅಡ್ಡ ಇಟ್ಟರು. ಹದಿನೈದು ದಿನದಲ್ಲಿ ಡ್ರಮ್ಮುಗಳನ್ನು ಯಾರೋ ಹೊತ್ತುಕೊಂಡು ಹೋದರು. ಆಮೇಲೆ ಒಂದು ಹಗ್ಗ ಕಟ್ಟಿ, ಕೆಂಪು ಬಟ್ಟೆ ಇಳಿಬಿಟ್ಟು, ನಿಮ್ಮನ್ನು ಕಾವಲಿಗೆ ಹಾಕಿದರು. ಹೊಸ ರಸ್ತೆಯೂ ಹಳೆಯದೂ ಬೇರೆಯಾಗುವ ಕವಲಿನಲ್ಲಿ 'ಮುಂದೆ ರಸ್ತೆ ಇಲ್ಲ' ಎಂಬ ಬೋರ್ಡು ನಿಲ್ಲಿಸಿದರು.

ಕವಲಿನಿಂದ ಮೊದಲು ಸಿಗುವುದು ನಮ್ಮ ಹೋಟ್ಲು, ಆಮೇಲೆ ಮೋರಿ. ಬೋರ್ಡು ಇಲ್ಲದಿದ್ದರೆ ಟೋಲ್ ಬೇಡವೆನ್ನುವವರು, ಹಳೇ ಅಭ್ಯಾಸದವರು ಈ ಕಡೆ ತಿರುಗುತ್ತಾರೆ, ನಮ್ಮಲ್ಲಿ ನಿಲ್ಲುತ್ತಾರೆ, ತಿಂದ ಮೇಲೆ ನಾನೇ ವಾಪಸ್ ಕಳಿಸಿದರಾಯಿತು. ಮೋರಿಯ ಹತ್ತಿರ ಮುನಿಯಾ ಇದ್ದಾನಲ್ಲ. ಹೀಗೆ ಲೆಕ್ಕ ಹಾಕಿದೆ. ಒಂದು ಮಧ್ಯಾಹ್ನ ಕವಲಿಗೆ ನಡೆದುಹೋಗಿ ಬೋರ್ಡನ್ನು ಎಳೆದು ಜಾಲಿ ಮೆಳೆಯ ಹಿಂದೆ ಮಲಗಿಸಿದೆ. ಅದು ಅಷ್ಟು ಹಗುರವಾಗಿರುತ್ತದೆ ಎಂದುಕೊಂಡಿರಲಿಲ್ಲ.

ಎರಡು ಮೂರು ದಿನವಾದ ಮೇಲೆ ನೀವು ಬಂದು ಕೇಳಿದಿರಿ. "ಅಮ್ಮಾ, ಕವಲಲ್ಲಿ ಬೋರ್ಡ್ ಕಾಣ್ತಿಲ್ಲ. ಗಾಡಿಗಳು ಸೀದಾ ಬಂದ್ಬಿಡ್ತಾವೆ. ನನಗ್ ಭಯ ಆಗುತ್ತೆ."

"ಗಾಳಿಗ್ ಬಿದ್ದಿರ್ಬೇಕು. ನಾನ್ ಮೇಸ್ತ್ರಿಗೆ ಫೋನ್ ಮಾಡ್ತೀನಿ, ನೀನ್ ಹೋಗು" ಎಂದೆ.

ಮಾಡಲಿಲ್ಲ. ನೀವು ನಂಬಿದಿರಿ.

ಧನುರ್ಮಾಸ ಬಂತು. ನಮ್ಮ ಕಡೆ ಆ ತಿಂಗಳು ಬೆಳಗಿನ ಹೊತ್ತು ಕೆರೆಯಿಂದ ಮಂಜು ಎದ್ದು ರಸ್ತೆಯನ್ನು ನುಂಗಿಬಿಡುತ್ತದೆ. ಆ ದಿನ ಹತ್ತು ಮಾರು ಆಚೆಯದು ಕಾಣುತ್ತಿರಲಿಲ್ಲ. ರಿಪೇರಿಗೆ ಕೊಟ್ಟಿದ್ದ ಗ್ರೈಂಡರನ್ನು ಆಟೋದವನು ತಂದು ರಸ್ತೆಯ ಬದಿಯಲ್ಲೇ ಇಳಿಸಿ ಹೊರಟುಹೋದ. ನನ್ನೊಬ್ಬಳಿಂದ ಅಲುಗಾಡಿಸಲೂ ಆಗಲಿಲ್ಲ. ಮೋರಿಯ ಕಡೆ ನಡೆದು ನಿಮ್ಮನ್ನು ಕರೆದೆ.

"ಈ ಮಂಜಲ್ಲಿ ಬಿಟ್ಟು ಬರೋಕಾಗಲ್ಲ ಅಮ್ಮಾ. ಬಿಸಿಲು ಬರ್ಲಿ, ಬಂದು ಎತ್ತಿಟ್ಟುಕೊಡ್ತೀನಿ" ಎಂದಿರಿ.

"ಐದು ನಿಮಿಷದ ಕೆಲ್ಸ. ಈ ಮಂಜಲ್ಲಿ ಯಾರ್ ಬರ್ತಾರೆ? ಹೊಸ್ತಿಲ ತನಕ ತಂದ್ಕೊಡು ಸಾಕು, ಒಳಗೆ ನಾನ್ ಎಳ್ಕೋತೀನಿ."

ನಮ್ಮ ಮನೆಯವರು ಕರೆದರೆ ಬರುವುದಿಲ್ಲ ಎಂದು ಹೇಳಿ ನಿಮಗೆ ರೂಢಿ ಇರಲಿಲ್ಲ. ನನಗೂ ಕೇಳಿ ರೂಢಿ ಇರಲಿಲ್ಲ. ಬಂದಿರಿ. ಗ್ರೈಂಡರನ್ನು ತಬ್ಬಿಕೊಂಡು ಎತ್ತಿದಿರಿ. ಆಗ ಕವಲಿನ ಕಡೆಯಿಂದ ಬೈಕಿನ ಸದ್ದು ಬಂತು. ನೀವು ಅಲ್ಲೇ ನಿಂತಿರಿ.

"ಅಮ್ಮಾ, ಬೈಕು."

"ಮೊದ್ಲು ಇದನ್ನ ಇಡು" ಎಂದೆ.

ಹೌದು, ಇವೇ ಮಾತು. ಹನ್ನೊಂದು ವರ್ಷದಲ್ಲಿ ಇವನ್ನು ಎಷ್ಟೋ ಸಲ ಬೇರೆ ಮಾತಾಗಿಸಿ ನೋಡಿದ್ದೇನೆ — 'ಓಡು' ಎಂದಿದ್ದರೆ, ನಾನೇ ರಸ್ತೆಗೆ ಇಳಿದು ಕೈ ಅಡ್ಡ ಹಿಡಿದಿದ್ದರೆ. ಬೈಕು ನಮ್ಮ ಮುಂದೆಯೇ ಹೋಯಿತು. ಹೆಡ್‌ಲೈಟಿನ ಹಳದಿ, ಹಿಂದೆ ಕೂತಿದ್ದ ಹೆಂಗಸಿನ ಸ್ವೆಟರಿನ ಬಣ್ಣ, ಇಷ್ಟೇ ಕಂಡದ್ದು. ಗ್ರೈಂಡರಿನ ಕಲ್ಲು ಕಾಲ ಮೇಲೆ ಬಿದ್ದೀತೆಂಬ ಯೋಚನೆ ನನಗೆ. ನೀವು ಹೊಸ್ತಿಲಿಗೆ ಅದನ್ನು ತಾಗಿಸಿದವರೇ ಓಡಿದಿರಿ. "ನಿಲ್ಸೀ, ನಿಲ್ಸೀ" ಎಂದು ಮಂಜಿನೊಳಗೆ ಕೂಗುತ್ತ ಓಡಿದ ನಿಮ್ಮ ದನಿ ನನಗೆ ಈಗಲೂ ಕೇಳುತ್ತದೆ. ಯಾವ ದೊಡ್ಡ ಸದ್ದೂ ಬರಲಿಲ್ಲ. ಬರುತ್ತಿದ್ದ ಸದ್ದು ನಿಂತಿತು.

ನೀವು ಬಂಡೆಗಳ ಮೇಲೆ ಇಳಿದು ಆ ಹೆಂಗಸನ್ನು ಹೊತ್ತು ತಂದು ರಸ್ತೆಯ ಮೇಲೆ ಮಲಗಿಸಿ, ಅವಳ ಗಂಡನಿಗಾಗಿ ಮತ್ತೆ ಇಳಿದಿರಿ. ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಕಣ್ಣು ಬಿಟ್ಟು ನನ್ನ ಮುಖವನ್ನೇ ನೋಡುತ್ತ ಹೇಳುತ್ತಿದ್ದದ್ದು ಒಂದೇ. "ಬೋರ್ಡ್ ಇರ್ಲಿಲ್ಲ ಅಮ್ಮಾ. ಅಲ್ಲಿ ಬೋರ್ಡ್ ಇರ್ಲಿಲ್ಲ."

ಊರವರು ಸೇರತೊಡಗಿದರು. ಅವಳನ್ನು ಇನ್ನೊಬ್ಬರ ಮಡಿಲಿಗೆ ಕೊಟ್ಟು, ನೀರು ತರುತ್ತೇನೆಂದು ಹೇಳಿ ನಾನು ಎದ್ದೆ. ನೀರಿಗೆ ಹೋಗಲಿಲ್ಲ. ಕವಲಿಗೆ ಹೋದೆ. ಮೆಳೆಯ ಹಿಂದಿನಿಂದ ಬೋರ್ಡನ್ನು ಎಳೆದು ಮೊದಲಿದ್ದ ಜಾಗದಲ್ಲೇ ನಿಲ್ಲಿಸಿದೆ, ಸೆರಗಿನಿಂದ ಮಣ್ಣು ಒರೆಸಿದೆ. ಅಲ್ಲಿ ಒಬ್ಬ ಮನುಷ್ಯ ಸಾಯುತ್ತಿದ್ದ. ನಾನು ಬೋರ್ಡಿನ ಮಣ್ಣು ಒರೆಸುತ್ತಿದ್ದೆ.

ಪೊಲೀಸರು ಬರುವ ಹೊತ್ತಿಗೆ ಅವಳ ಗಂಡ ಹೋಗಿಬಿಟ್ಟಿದ್ದರು. "ಕಾವಲಿಗಿದ್ದೋನು ನೀನೇ ತಾನೆ, ಎಲ್ಲೋಗಿದ್ದೆ?" ಎಂದು ಕೇಳಿದರು. ನಿಮ್ಮ ಮೈಯೆಲ್ಲ ರಕ್ತ, ಕೆಸರು. "ಹೋಟ್ಲತ್ರ ಸಾರ್. ಅಮ್ಮಾವ್ರು ಗ್ರೈಂಡರ್ ಎತ್ತೋಕೆ ಕರೆದಿದ್ರು" ಎಂದಿರಿ.

ಎಲ್ಲರೂ ನನ್ನ ಕಡೆ ತಿರುಗಿದರು.

"ಇಲ್ಲ ಸಾರ್. ನಮ್ಮತ್ರ ಬಂದಿರ್ಲಿಲ್ಲ."

ನೀವು ನನ್ನನ್ನು ನೋಡಿದಿರಿ, ಅಷ್ಟೇ. ಹಿಂದಿನಿಂದ ಯಾರೋ "ಎಣ್ಣೆ ಹಾಕ್ಕೊಂಡು ಮಲಗಿರ್ತಾನೆ ಬಿಡಿ ಸಾರ್" ಎಂದರು. ನೀವು ಹೆಂಡ ಮುಟ್ಟುವವರಲ್ಲ ಎಂದು ಊರಿಗೇ ಗೊತ್ತಿತ್ತು. ನಿಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಪಂಚಶೀಲ. ಅದನ್ನು ಬಿಡದೆ ಪಾಲಿಸುತ್ತೇನೆಂದು ನೀವೇ ನನಗೆ ಹೇಳಿದ್ದಿರಿ. ಅಲ್ಲಿ ನಿಂತಿದ್ದವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಬಿಡುವ ಮಾತೇ ಇರಲಿಲ್ಲ.

ಕೇಸಾಯಿತು. ನೀವು ಜೈಲು ನೋಡಿದಿರಿ, ವರ್ಷಗಟ್ಟಲೆ ಕೋರ್ಟಿಗೆ ಅಲೆದಿರಿ. ಕೊನೆಗೆ ಸಾಕ್ಷಿ ಸಾಲದೆಂದು ಬಿಟ್ಟರಂತೆ. ಆದರೆ ಊರು ಬಿಡಲಿಲ್ಲ. 'ಕುಡಿದು ಮಲಗಿ ಮನುಷ್ಯನನ್ನು ಕೊಂದವನು' ಎಂಬುದು ನಿಮ್ಮ ಹೆಸರಿನ ಹಿಂದೆ ಅಂಟಿಕೊಂಡಿತು, ನಿಮ್ಮ ಮಗಳ ಮದುವೆಯ ಮಾತುಕತೆಯಲ್ಲೂ ಬಂತು. ನೀವು ಮನೆ ಖಾಲಿ ಮಾಡಿ ಹೊರಟ ದಿನ ನಾನು ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದೆ. ಆ ಹೆಂಗಸು ಕೋರ್ಟಿನಲ್ಲೂ ಬೋರ್ಡು ಇರಲಿಲ್ಲವೆಂದೇ ಹೇಳಿದಳಂತೆ. ಪೊಲೀಸರ ಫೋಟೋದಲ್ಲಿ ಬೋರ್ಡು ನಿಂತಿತ್ತು. ಪೆಟ್ಟು ಬಿದ್ದ ತಲೆ, ನೆನಪು ಕಲೆಸಿದೆ ಎಂದರಂತೆ.

ಹೋಟ್ಲು ಮುಚ್ಚಿ ನಾನು ಹಲಸೂರಿಗೆ ಮಗಳ ಮನೆಗೆ ಬಂದೆ. ಹೋದ ತಿಂಗಳು ಅಲ್ಲಿನ ಕೆರೆಯ ಹತ್ತಿರದ ತರಕಾರಿ ಗಾಡಿಯ ಮುಂದೆ ನಿಮ್ಮ ಹೆಂಡತಿ ರತ್ನಮ್ಮ ಎದುರಾದರು. ನಾನು ಮುಖ ತಿರುಗಿಸುವಷ್ಟರಲ್ಲಿ "ಹೆಂಗಿದ್ದೀರಮ್ಮ, ಸಣ್ಣಗಾಗಿದ್ದೀರ" ಎಂದುಬಿಟ್ಟರು. ನೀವು ದೊಡ್ಡನೆಕ್ಕುಂದಿಯಲ್ಲಿ ಇದ್ದೀರೆಂದೂ, ಕೇಸಿನ ದೆಸೆಯಿಂದ ಕಾವಲಿನ ಕೆಲಸ ಎಲ್ಲೂ ಸಿಗದೆ ಫ್ಯಾಕ್ಟರಿಯೊಂದರ ಗಿಡಗಳಿಗೆ ನೀರು ಹಾಕುತ್ತೀರೆಂದೂ ಹೇಳಿದರು. ಮುಂದಿನ ಭಾನುವಾರ ನಿಮ್ಮ ಬಾಗಿಲಿಗೆ ಬಂದೆ.

ಒಳಗೆ ಕರೆದು ಕುರ್ಚಿ ಕೊಟ್ಟಿರಿ. ನಾನು ಎಲ್ಲವನ್ನೂ ಹೇಳಿದೆ. ಹೇಳಿದರೆ ಹಗುರವಾಗುತ್ತೇನೆ, ನೀವು ಬೈದರೂ ಸರಿ, ಮನೆಗೆ ಹೋಗಿ ನಿದ್ದೆ ಮಾಡುತ್ತೇನೆ ಎಂಬ ಆಸೆ ಇತ್ತು — ಅಲ್ಲೂ ನನ್ನದೇ ಸ್ವಾರ್ಥ.

ರತ್ನಮ್ಮನವರೇ ಮೊದಲು ಮಾತಾಡಿದ್ದು. "ಗ್ರೈಂಡರ್ ಕಥೆ ನಮಗ್ ಗೊತ್ತಿದ್ದಿದ್ದೇ ಅಲ್ವೇನಮ್ಮ? ನಮ್ಮನೆ ಒಳಗ್ ಕೂತ್ಕೊಂಡು ಹೇಳಿದ್ರೆ ಯಾರಿಗ್ ಕೇಳುತ್ತೆ? ಊರ್ ಮುಂದೆ ಸುಳ್ಳು ಹೇಳಿದ್ರಿ. ಊರ್ ಮುಂದೇನೇ ಹೇಳಿ."

ನೀವು ಆಮೇಲೆ ಕೇಳಿದಿರಿ, "ಆ ಹೆಣ್ಮಗಳಿಗೆ ಹೇಳಿದ್ರಾ?"

ನನಗೆ ಅರ್ಥವಾಗಲಿಲ್ಲ.

"ಬೋರ್ಡ್ ಇರ್ಲಿಲ್ಲ ಅಂತ ಆವಮ್ಮ ಅಷ್ಟ್ ಸಲ ಹೇಳ್ತು. ಬೋರ್ಡ್ ಇಲ್ದಿರೋದು ನಾನೂ ಕಂಡಿದ್ದೆ. ಆದ್ರೆ ನೀವು ಮೇಸ್ತ್ರಿಗ್ ಹೇಳ್ತೀನಿ ಅಂದಿದ್ರಲ್ಲ, ಪೊಲೀಸ್ರು ಫೋಟೋ ತೋರಿಸ್ದಾಗ ನಿಲ್ಸಿರ್ತಾರೆ ಅಂದ್ಕೊಂಡೆ. ಆವಮ್ಮಂಗೆ ಮಂಜಲ್ಲಿ ಕಾಣ್ಲಿಲ್ವೇನೋ ಅಂದ್ಕೊಂಡೆ. ನಾನೂ ನಂಬ್ಲಿಲ್ಲ. ಗಂಡನ್ನ ತಾನೇ ಆ ರೋಡಿಗೆ ತಿರುಗಿಸ್ದೆ ಅಂತ ಕೋರ್ಟಲ್ಲಿ ಅಳ್ತಿತ್ತು."

ಕ್ಷಮಿಸಿದೆ ಎಂದು ನೀವು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಇದನ್ನು ಮೂರು ಪ್ರತಿ ಬರೆದಿದ್ದೇನೆ. ಒಂದನ್ನು ಸ್ಟೇಷನ್ನಿಗೆ ಕೊಡುತ್ತೇನೆ. ಒಂದನ್ನು ಊರಿನ ಅರಳಿಕಟ್ಟೆಯ ಮುಂದೆ ಎಲ್ಲರಿಗೂ ಕೇಳುವಂತೆ ಓದುತ್ತೇನೆ, ನಮ್ಮವರು ತಡೆದರೂ. "ಈ ವಯಸ್ಸಲ್ಲಿ ಸ್ಟೇಷನ್ನಾ ಅಮ್ಮ?" ಎಂದು ಮಗಳು ಅತ್ತಳು. ನೀವು ಜೈಲಿಗೆ ಹೋದಾಗ ನಿಮಗೂ ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸೇ ಆಗಿತ್ತು ಎಂದೆ.

ಮೂರನೆಯದು ಆ ಹೆಂಗಸಿಗೆ. ಅವರು ಕೆ.ಆರ್. ಪುರದಲ್ಲಿದ್ದಾರೆ, ವಿಳಾಸ ವಕೀಲರಿಂದ ಸಿಕ್ಕಿತು. ಹಲಸೂರಿನಲ್ಲಿ ಮೆಟ್ರೋ ಹತ್ತಿದರೆ ಅರ್ಧ ಗಂಟೆಯ ದಾರಿ. ನಾಳೆ ಬೆಳಗ್ಗೆ ಮೊದಲು ಅಲ್ಲಿಗೇ ಹೋಗುತ್ತೇನೆ. ಓದಿದ ಮೇಲೆ ಅವರು ನನ್ನನ್ನು ಏನು ಮಾಡಿದರೂ ಸರಿ. ಆದರೆ ಕಾಗದ ಕೈಗೆ ಕೊಡುವ ಮುಂಚೆ, ಬಾಗಿಲಲ್ಲೇ ನಿಂತು ಒಂದು ಮಾತು ಬಾಯಿಬಿಟ್ಟು ಹೇಳಬೇಕು: ತಾಯಿ, ನೀವು ಸರಿಯಾಗಿಯೇ ನೋಡಿದ್ದಿರಿ.