ಗೇಟಿನಿಂದ ವಾಪಸು ಹೋದ ಡಾಕ್ಟರು

ನನ್ನ ಮಗಳು ಸತ್ತಿದ್ದು ನನ್ನ ಗಂಡನ ನಿಯತ್ತಿನಿಂದ. ಜ್ವರ ಅನ್ನುವುದು ಊರವರ ಮಾತು. ನಾನು ಓದಿದ್ದು ಮೂರನೇ ಕ್ಲಾಸು. ಇಷ್ಟು ತಿಳಿಯಲು ಅದು ಸಾಕು.

ಆಗ ಅವರು ಅರಕಲಗೂಡಿನಲ್ಲಿ ಮುನ್ಸೀಫರು. ಮುನ್ಸೀಫರ ಹೆಂಡತಿ ಯಾರ ಮನೆಯ ಅರಿಸಿನ ಕುಂಕುಮಕ್ಕೂ ಹೋಗುವಂತಿಲ್ಲ. ಬೇಲಿಯಾಚೆಯಿಂದ ಒಂದು ಎಸಳು ಕರಿಬೇವು ಕೊಟ್ಟರೂ ಈಸಿಕೊಳ್ಳುವಂತಿಲ್ಲ. ಕೊಟ್ಟವರ ದಾವೆ ನಾಳೆ ಕೋರ್ಟಿಗೆ ಬಂದರೆ? ಊರಿಗೆಲ್ಲ ಇದ್ದ ಒಬ್ಬರೇ ಡಾಕ್ಟರು ತಮ್ಮ ಅಣ್ಣನ ಮೇಲೆ ಹಾಕಿದ್ದ ಆಸ್ತಿ ಪಾಲಿನ ದಾವೆ ಇವರ ಮುಂದೆಯೇ ಇತ್ತು.

ಮಗಳಿಗೆ ನಾಲ್ಕು ವರ್ಷ. ಜ್ವರ ಬಂದ ಮೂರನೆಯ ದಿನ ಕಣ್ಣು ಮೇಲಾಯಿತು. ನಾವು ಕರೆಯದಿದ್ದರೂ ಸುದ್ದಿ ಕೇಳಿ ಆ ಡಾಕ್ಟರು ಬ್ಯಾಗು ಹಿಡಿದು ಗೇಟಿಗೆ ಬಂದರು.

“ಮಗೂನ ನೋಡ್ಬುಟ್ಟು ಹೋಯ್ತೀನಿ ಸಾ. ಕೇಸಿನ ಮಾತೇ ಆಡಾಕಿಲ್ಲ.”

“ನೀವು ಒಳಗೆ ಬಂದರೆ ನಿಮ್ಮಣ್ಣ ಏನಂದುಕೊಳ್ತಾರೆ? ಹೋಗಿ,” ಎಂದರು ಇವರು.

“ಅವ್ರಣ್ಣ ಏನಾರ ಅನ್ಕೊಳ್ಳಿ, ಮಗು ಓಯ್ತದೆ ರೀ,” ಎಂದೆ. ಇವರು ಗೇಟು ತೆಗೆಯಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಹಾಸನಕ್ಕೆ ಹೊರಟೆವು. ಹಾಸನ ಇನ್ನೆರಡು ಮೈಲಿ ಇರುವಾಗ ಮಡಿಲಲ್ಲಿ ಮಗು ತಣ್ಣಗಾಯಿತು.

ಆಮೇಲೆ ಚನ್ನರಾಯಪಟ್ಟಣ, ಹೊಳೆನರಸೀಪುರ ಎಂದು ವರ್ಗವಾಗುತ್ತಾ ಹೋಯಿತು. ಹೋದ ಕಡೆಯೆಲ್ಲ “ದೇವ್ರಂತಾ ಜಡ್ಜು ಕಣವ್ವ” ಅನ್ನುತ್ತಿದ್ದರು. ನಾನು ಹೂಂ ಅನ್ನಲಿಲ್ಲ. ಆ ದಿನದ ಮಾತು ನಮ್ಮಿಬ್ಬರ ನಡುವೆ ಹನ್ನೊಂದು ವರ್ಷ ಬರಲಿಲ್ಲ. ಕೊನೆಗೆ ಹಾಸನದಲ್ಲಿ ದೊಡ್ಡ ಜಡ್ಜಾದರು. ಸಾಯಂಕಾಲ ಹುಡುಗರಿಗೆ ಕಾನೂನು ಪಾಠವನ್ನೂ ಹೇಳುತ್ತಿದ್ದರು.

ಒಂದು ಸಂಜೆ ಅವರ ವಿದ್ಯಾರ್ಥಿಯೊಬ್ಬ ಪುಸ್ತಕ ವಾಪಸು ಕೊಡಲು ಬಂದ. ಇವರಿನ್ನೂ ಮನೆಗೆ ಬಂದಿರಲಿಲ್ಲ. ಕಾಫಿ ಕೊಟ್ಟೆ.

“ಅಮ್ಮಾ, ಇವತ್ತು ಸಾರು ಒಬ್ಬ ಮುನ್ಸೀಫನ ಕತೆ ಯೋಳುದ್ರು. ಮಗೀಗೆ ಉಸಾರಿಲ್ದೆ ಇದ್ರೂ, ಕೇಸೈತೆ ಅಂತ ಡಾಕ್ಟ್ರನ್ನ ವಾಪಸ್ ಕಳಿಸ್ಬುಟ್ನಂತೆ. ಎಂತಾ ಪೆದ್ದ!”

“ಪೆದ್ದ ಅಂತ ನಿಮ್ ಸಾರೇ ಅಂದ್ರಾ?”

“ಊಂ ಕಣಮ್ಮ. ಮೊದ್ಲು ಮಗೀನ ತೋರಿಸ್ಬೇಕಿತ್ತಂತೆ. ಆಮೇಕೆ, ಈ ಕೇಸ್ನ ಬ್ಯಾರೆ ಕೋರ್ಟಿಗೆ ಆಕಿ ಅಂತ ಮೇಲಕ್ಕೆ ಬರೀಬೇಕಿತ್ತಂತೆ. ದಾರಿ ಇತ್ತು, ಅವನ್ಗೆ ಎದುರ್ಕೆ ಅಂದ್ರು.”

“ಮಗು ಏನಾಯ್ತಂತೆ?”

“ಅದ್ನ ಯೋಳ್ನಿಲ್ಲ.”

ಒಂದು ಕ್ಲಾಸಿನ ಹುಡುಗರಿಗೆ ಹೇಳಲು ಬಾಯಿ ಬಂತು. ನನಗೆ ಹೇಳಲು ಬರಲಿಲ್ಲ. ಅವರು ಮನೆಗೆ ಬಂದರು, ಬಡಿಸಿದೆ. ಸಾರಿಗೆ ಉಪ್ಪು ಕಮ್ಮಿ ಎಂದರು. ಹಾಕಿದೆ.

ಮಾರನೆಯ ಬೆಳಿಗ್ಗೆ ಅವರಿಗೆ ಕಾಫಿ ಇಟ್ಟು, ಹೇಳದೆ ಅರಕಲಗೂಡಿನ ಬಸ್ಸು ಹತ್ತಿದೆ. ಡಾಕ್ಟರ ತಲೆ ನರೆತಿತ್ತು. ಅವರಿಗೆ ನನ್ನ ಗುರುತು ಸಿಗಲಿಲ್ಲ.

“ಯಾರಮ್ಮಾ?”

“ಮುನ್ಸೀಫರ ಮನೆಯೋಳು. ಅವತ್ತು ನಿಮ್ಮನ್ನ ಗೇಟಿಂದ ಕಳಿಸಿದ್ದು ನಮ್ದೇ ತಪ್ಪು ಅಂತ ನಮ್ಮೆಜಮಾನ್ರು ಒಪ್ಕೊಂಡವ್ರೆ. ನಿಮ್ಗೂ ತಿಳೀಲಿ ಅಂತ ಬಂದೆ.”

ಅವರು ಕುರ್ಚಿ ಎಳೆದು ಹಾಕಿದರು. ಅವರ ಹೆಂಡತಿ ಒಂದು ಲೋಟ ಮಜ್ಜಿಗೆ ತಂದರು. ಈಸಿಕೊಂಡು ಕುಡಿದೆ.