ಏಜೆಂಟ್ ಎಲ್ಲ ಬೇಡ ಮಾರಾಯ

ಗೆಳೆಯರೇ, ಇವತ್ತು ಕದ್ರಿಯ ಒಂದು ಆಸ್ಪತ್ರೆಗೆ ಕಂಪ್ಯೂಟರ್ ಕೆಲಸಕ್ಕೆ ಹೋಗಿ "ನಿಮ್ಮ ಸರ್ವರ್ ಕಂಪ್ಯೂಟರಿಗೆ ಏಜೆಂಟ್ ಹಾಕ್ತೇನೆ" ಎಂದೆ. ಮ್ಯಾನೇಜರ್ ಲವೀನಾ ಮೇಡಂ ಮುಖ ಗಂಟು ಹಾಕಿಕೊಂಡರು.

"ಏಜೆಂಟ್ ಎಲ್ಲ ಬೇಡ ಮಾರಾಯ. ನನ್ನ ತಮ್ಮನಿಗೆ ಕುವೈಟ್ ವೀಸಾ ಮಾಡಿಸ್ತೇನೆ ಅಂತ ಹೇಳಿದವ ಇವತ್ತಿಗೂ ಫೋನ್ ಎತ್ತುವುದಿಲ್ಲ."

"ಇದು ಜನ ಅಲ್ಲ ಮೇಡಂ, ಪ್ರೋಗ್ರಾಂ. ಸರ್ವರಿನ ಒಳಗೆ ಕೂತು ಅದರ ಆರೋಗ್ಯ ಹೇಗುಂಟು ಅಂತ ಕ್ಲೌಡಿಗೆ ಹೇಳ್ತದೆ. ತೊಂದರೆ ಇದ್ರೆ ನಿಮಗೆ ಮೆಸೇಜ್ ಬರ್ತದೆ."

ಅರೆಮನಸ್ಸಿನಿಂದ ಒಪ್ಪಿದರು. ಕೆಲಸ ಮುಗಿಸಿ ನಾನು ಚಹಾ ಕುಡಿಯುವುದರೊಳಗೆ ಅವರ ಮೊಬೈಲ್ ಸದ್ದು ಮಾಡಿತು: ಸರ್ವರಿನಲ್ಲಿ ಜಾಗ ಮುಗಿಯುತ್ತಾ ಬಂದಿದೆ. ಕೂಡಲೇ ನಾನು ಹಳೆಯ ಬ್ಯಾಕಪ್‌ಗಳನ್ನು ಬೇರೆಡೆಗೆ ಸಾಗಿಸಿದೆ. ಇಲ್ಲವಾದರೆ ನಾಳೆ ರೋಗಿಗಳಿಗೆ ಲ್ಯಾಬ್ ರಿಪೋರ್ಟ್ ಸಿಗುತ್ತಿರಲಿಲ್ಲ.

ಮೇಡಂ ಮೆಸೇಜನ್ನು ಇನ್ನೊಮ್ಮೆ ಓದಿದರು. "ಕೇಳುವ ಮೊದಲೇ ಸುದ್ದಿ ಹೇಳುವ ಏಜೆಂಟ್ ಸಹ ಉಂಟಾ?"

ನಮ್ಮೂರಲ್ಲಿ ಏಜೆಂಟರ ಮಾನ ಉಳಿಸಲು ಕೊನೆಗೂ ಮನುಷ್ಯನಲ್ಲದವನೇ ಬರಬೇಕಾಯಿತು.